ಹತ್ತನೇ ಕ್ಲಾಸು ಮುಗಿಸಿದ ಮಗಳಿಗೆ ಮುಂಬಯಿಯಲ್ಲಿ ಕೆಲಸದ ದಾರಿ: ಕೋರ್ಸಿಗಿಂತ ಮೊದಲು ಏನು ನೋಡಬೇಕು?

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ಡೊಂಬಿವಲಿಯಿಂದ, ಸಯನ್ ಕೋಳಿವಾಡದಿಂದ, ಮೀರಾ ರೋಡಿನಿಂದ ನಮ್ಮ ಕನ್ನಡದ ಅಮ್ಮಂದಿರು ಕರೆ ಮಾಡುತ್ತಾರೆ. "ಅಕ್ಕಾ, ಮಗಳನ್ನು ಯಾವ ಕೋರ್ಸಿಗೆ ಸೇರಿಸೋಣ?" ನಾನು ಕೋರ್ಸಿನ ಹೆಸರು ಹೇಳುವುದಿಲ್ಲ. "ಮೊದಲು ಅವಳ ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟು), ಆಧಾರ್ ಕಾರ್ಡು ಎರಡನ್ನೂ ತಗೊಂಡು ಬನ್ನಿ" ಅನ್ನುತ್ತೇನೆ.

ಶನಿವಾರ ಸಂಜೆ ನಾವು ನಾಲ್ಕೈದು ಮಂದಿ ಕೂತು ಹುಡುಗಿಯರ ಫಾರ್ಮು ತುಂಬಿ ಕೊಡುತ್ತೇವೆ. ವರ್ಷಗಳಿಂದ ಮಾಡಿದ ಈ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಹುಡುಗಿಯರು ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಕಾಗದ ಸರಿ ಇಲ್ಲದೆ, ಕೈಯಲ್ಲಿ ಸ್ವಂತ ಫೋನ್ ನಂಬರ್ ಇಲ್ಲದೆ, ಕೆಲಸ ಎಲ್ಲಿದೆ ಎಂದು ನೋಡದೆ ಕೋರ್ಸಿಗೆ ದುಡ್ಡು ಕಟ್ಟಿ ಹಿಂದೆ ಬೀಳುತ್ತಾರೆ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು, ಆಫೀಸು ಸೇರಿದರು. ಅವರ ಅಕ್ಕತಂಗಿಯರಿಗೆ ಆ ಬಾಗಿಲು ತೆರೆದದ್ದು ಕಡಿಮೆ. ಈಗ ಬಾಗಿಲು ಬೇಕಾದಷ್ಟಿವೆ. ಯಾವುದನ್ನು ಯಾವ ಕ್ರಮದಲ್ಲಿ ತಟ್ಟಬೇಕು ಅನ್ನುವುದೇ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹೆಸರು ಒಂದೇ ಇರಲಿ

ಊರಲ್ಲಿ ನಮ್ಮ ಹೆಸರಿನ ಮುಂದೆಯೋ ಹಿಂದೆಯೋ ಒಂದು ಇನಿಷಿಯಲ್ ಇದ್ದರೆ ಸಾಕು. ಮಹಾರಾಷ್ಟ್ರದ ಫಾರ್ಮು ಹಾಗಲ್ಲ. ಇಲ್ಲಿ ಮೊದಲು ಆಡನಾವ (ಅಡ್ಡಹೆಸರು), ಆಮೇಲೆ ಹುಡುಗಿಯ ಹೆಸರು, ಆಮೇಲೆ ಅಪ್ಪನ ಹೆಸರು. ಉತ್ತರ ಕರ್ನಾಟಕದಿಂದ ಬಂದ ಮನೆಗಳಲ್ಲಿ ಶಾಲೆಯವರು ಅಪ್ಪನ ಹೆಸರನ್ನೇ ಆಡನಾವ ಎಂದು ಬರೆದಿರುತ್ತಾರೆ. ಆಧಾರ್‌ನಲ್ಲಿ ಮನೆತನದ ಹೆಸರಿರುತ್ತದೆ. ಪಾನ್ ಕಾರ್ಡಿನಲ್ಲಿ ಮೂರನೆಯದು. ತುಳುನಾಡಿನ ಮನೆಗಳಲ್ಲಿ ಅಣ್ಣನಿಗೆ ಒಂದು ಅಡ್ಡಹೆಸರು, ತಂಗಿಗೆ ಇನ್ನೊಂದು. ಮನೆಯಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಕಂಪ್ಯೂಟರಿಗೆ ಮಾತ್ರ ಅವಳು ಮೂರು ಬೇರೆ ಬೇರೆ ಹುಡುಗಿಯರು.

ಎಲ್‌ಸಿಯಲ್ಲಿ ತಪ್ಪಿದ್ದರೆ ಶಾಲೆ ಬಿಡುವ ಮೊದಲೇ ಹೆಡ್‌ಮಾಸ್ತರರ ಮೂಲಕ ತಿದ್ದಿಸಿ. ಬಿಟ್ಟ ಮೇಲೆ ತುಂಬಾ ಓಡಾಟ. ಎಲ್‌ಸಿ ಸರಿ ಮಾಡಿಕೊಂಡು, ಅದರಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ಆಧಾರ್ ಮಾಡಿಸಿ. ಒಂದು ಎಚ್ಚರಿಕೆ ಇರಲಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನವನ್ನು 1 ಸಲ ಮಾತ್ರ ಬದಲಿಸಬಹುದು. ಸುಮ್ನೆ ಅಂದಾಜಿನಲ್ಲಿ ತಿದ್ದಿಸಿ ಆ ಅವಕಾಶ ಕಳೆದುಕೊಳ್ಳಬೇಡಿ. ಮದುವೆಯಾದ ಮೇಲೆ ಹೆಸರು ಬದಲಿಸುವವರು ರಾಜ್ಯ ಗೆಜೆಟ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಿ ಪ್ರಕಟಣೆ ಪಡೆಯಬಹುದು. ನನ್ನನ್ನು ಕೇಳಿದರೆ, ಓದಿನ ಕಾಗದವೆಲ್ಲ ಒಂದೇ ಹೆಸರಿನಲ್ಲಿದ್ದರೆ ಅದನ್ನು ಹಾಗೇ ಉಳಿಸಿಕೊಳ್ಳುವುದು ವಾಸಿ.

ಇನ್ನು ನಂಬರ್ ವಿಷಯ. ಹೋದ ವರ್ಷ ಒಬ್ಬ ಹುಡುಗಿ ಸೈಬರ್ ಕೆಫೆಯಲ್ಲಿ ನನ್ನ ಪಕ್ಕ ಕೂತಿದ್ದಳು. ಫಾರ್ಮು ಪೂರ್ತಿ ತುಂಬಿ ಆಗಿತ್ತು. ಓಟಿಪಿ ಹೋದದ್ದು ಅಪ್ಪನ ಫೋನಿಗೆ. ಅಪ್ಪ ಹೋಟೆಲಿನ ಗಲ್ಲಾದ ಮೇಲೆ, ಮಧ್ಯಾಹ್ನ ಒಂದು ಗಂಟೆ, ಊಟದ ರಶ್ಶು. ಹುಡುಗಿ ನಾಲ್ಕು ಸಲ ಫೋನ್ ಮಾಡಿದಳು. ಐದನೇ ಸಲ ಅವರು ಎತ್ತಿ ನಂಬರ್ ಓದುವಷ್ಟರಲ್ಲಿ ಪುಟ ಬಂದ್ ಆಗಿತ್ತು. ಎಲ್ಲ ಮತ್ತೆ ಮೊದಲಿನಿಂದ. ಮೂರನೇ ಪ್ರಯತ್ನಕ್ಕೂ ಆಗಲಿಲ್ಲ, ಅವತ್ತೇ ಕೊನೆಯ ದಿನ. ಅವಳು ಅಳಲಿಲ್ಲ. ಫೋಟೋಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಳು. ಅದನ್ನು ನೋಡಿ ನನಗೇ ತಡೆಯಲಿಲ್ಲ.

ಆದ್ದರಿಂದ ಹುಡುಗಿಯ ಆಧಾರ್‌ಗೆ ಅವಳ ಕೈಯಲ್ಲೇ ಇರುವ ಫೋನಿನ ನಂಬರ್ ಜೋಡಿಸಿ. 18 ತುಂಬಿದ ಕೂಡಲೇ ಸಿಮ್ ಅವಳ ಹೆಸರಿನಲ್ಲಿ ಇರಲಿ. ಅಲ್ಲಿಯವರೆಗೆ ಮನೆಯಲ್ಲೇ ಇರುವ ಅಮ್ಮನ ನಂಬರ್ ಆದೀತು. ಕೆಲಸಕ್ಕೆ ಹೋದ ಅಪ್ಪನದೋ ಅಣ್ಣನದೋ ಬೇಡ. ಬ್ಯಾಂಕ್ ಖಾತೆಯೂ ಅವಳದೇ ಬೇಕು. ಸ್ಕಾಲರ್‌ಶಿಪ್, ಸ್ಟೈಪೆಂಡ್, ಸಂಬಳ ಎಲ್ಲ ಅಲ್ಲಿಗೇ ಬರುವುದು. ಕಾಗದಗಳನ್ನು ಸರ್ಕಾರದ ಡಿಜಿಲಾಕರ್ ಆಪ್‌ನಲ್ಲಿ ಇಟ್ಟುಕೊಳ್ಳಲು ಕಲಿಸಿ. ಮಳೆಗಾಲದಲ್ಲಿ ಮನೆಗೆ ನೀರು ನುಗ್ಗುವ ಈ ಊರಿನಲ್ಲಿ ಅದರ ಬೆಲೆ ನಿಮಗೇ ಗೊತ್ತು.

ಜಾತಿ ಪ್ರಮಾಣಪತ್ರ, ಡೊಮಿಸೈಲ್: ಇಲ್ಲಿ ತುಂಬಾ ಜನ ಎಡವುತ್ತಾರೆ

ಊರಿನಿಂದ ತಂದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಸೀಟಿಗೆ, ಇಲ್ಲಿನ ರಿಯಾಯಿತಿಗೆ ನಡೆಯುವುದಿಲ್ಲ. ಇಲ್ಲಿನ ಪ್ರಮಾಣಪತ್ರ ಬೇಕಾದರೆ ನಿಮ್ಮ ಜಾತಿ ಇಲ್ಲಿನ ಪಟ್ಟಿಯಲ್ಲಿ ಇರಬೇಕು. ಜೊತೆಗೆ ಹಿರಿಯರು ಒಂದು ದಿನಾಂಕಕ್ಕೆ ಮೊದಲೇ ಇಲ್ಲಿ ನೆಲೆಸಿದ್ದರು ಎಂಬ ದಾಖಲೆ ಕೊಡಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ಒಬಿಸಿಗೆ 1967ರ ಅಕ್ಟೋಬರ್ 13. ಅಜ್ಜ ಗಿರಣಿಯಲ್ಲಿ ದುಡಿದ ಕಾಗದ, ದೊಡ್ಡಪ್ಪ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ ಎಲ್‌ಸಿ ಟ್ರಂಕಿನ ತಳದಲ್ಲಿ ಇದ್ದರೆ ಹುಡುಕಿ ತೆಗೆಯಿರಿ. ಅದು ಚಿನ್ನ.

ಹಾಗೆ ಹಳೆಯ ದಾಖಲೆ ಇರುವ ಮನೆಯ ಹುಡುಗಿಯರಿಗೆ ದೊಡ್ಡ ಅನುಕೂಲ ಒಂದಿದೆ. 2024-25ರಿಂದ ಮಹಾರಾಷ್ಟ್ರ ಸರ್ಕಾರ ಒಬಿಸಿ, ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು) ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಎರಡನ್ನೂ ಪೂರ್ತಿ ಮಾಫಿ ಮಾಡಿದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿರಬೇಕು. ಸೀಟು ಸರ್ಕಾರದ ಕೇಂದ್ರೀಕೃತ ಪ್ರವೇಶದಿಂದ ಸಿಕ್ಕಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಇಲ್ಲ. ಅರ್ಜಿ ಮಹಾಡಿಬಿಟಿ ಪೋರ್ಟಲ್‌ನಲ್ಲಿ.

ದಾಖಲೆ ಇಲ್ಲದವರು ಓಪನ್ ಕೆಟಗರಿಯ ಲೆಕ್ಕ ಇಟ್ಟುಕೊಂಡೇ ಮುಂದಿನ ಯೋಚನೆ ಮಾಡಿ. ಊರಿನ ಪ್ರಮಾಣಪತ್ರವನ್ನು ಮಾತ್ರ ಎಸೆಯಬೇಡಿ, ಕೇಂದ್ರ ಸರ್ಕಾರದ ಕೆಲಸಗಳ ಅರ್ಜಿಗೆ ಅದು ಬೇಕಾಗುತ್ತದೆ. ಡೊಮಿಸೈಲ್, ಅಂದರೆ ಈ ರಾಜ್ಯದ ವಾಸಿ ಎಂಬ ಪ್ರಮಾಣಪತ್ರಕ್ಕೆ ಇಲ್ಲಿ 15 ವರ್ಷ ಇದ್ದ ದಾಖಲೆ ಕೇಳುತ್ತಾರೆ. ಆದಾಯದ ದಾಖಲೆ, ಡೊಮಿಸೈಲ್ ಎರಡನ್ನೂ 'ಆಪಲೆ ಸರ್ಕಾರ್' ಪೋರ್ಟಲ್‌ನಲ್ಲಿ ಅಥವಾ ಸೇತು ಕೇಂದ್ರದಲ್ಲಿ ಏಪ್ರಿಲ್‌ನಲ್ಲೇ ಹಾಕಿಬಿಡಿ. ಜೂನ್‌ನಲ್ಲಿ ಎಲ್ಲರೂ ಒಟ್ಟಿಗೇ ಬರುತ್ತಾರೆ.

ಎರಡನೇ ಹೆಜ್ಜೆ: ಕೆಲಸ ಎಲ್ಲಿದೆ ಎಂದು ನೋಡಿ, ಆಮೇಲೆ ಕಲಿಕೆ

ಪಕ್ಕದ ಮನೆಯ ಹುಡುಗಿ ಅನಿಮೇಷನ್ ಸೇರಿದಳು, ನಮ್ಮವಳೂ ಸೇರಲಿ. ಹೀಗೆ ಲಕ್ಷ ರೂಪಾಯಿ ಕಟ್ಟಿದ ಮನೆಗಳನ್ನು ನೋಡಿದ್ದೇನೆ. ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಮಗಳನ್ನು ಕರೆದುಕೊಂಡು ಒಂದು ವಾರ ಬೆಳಗಿನ ಲೋಕಲ್‌ನಲ್ಲಿ ಲೇಡೀಸ್ ಡಬ್ಬದಲ್ಲಿ ಹೋಗಿ. ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಉದ್ಯೋಗ ಕಚೇರಿ ನಾನು ಕಂಡಿಲ್ಲ. 1992ರಲ್ಲಿ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಲೇಡೀಸ್ ಸ್ಪೆಷಲ್ ರೈಲು ಶುರುವಾಗಿದ್ದೇ ಕೆಲಸಕ್ಕೆ ಹೋಗುವ ಹೆಂಗಸರ ಸಂಖ್ಯೆ ಅಷ್ಟು ಬೆಳೆದದ್ದಕ್ಕೆ. ಪಕ್ಕದಲ್ಲಿ ನಿಂತವರನ್ನು ಕೇಳಿ: ಏನು ಕೆಲಸ, ಏನು ಕಲಿತಿದ್ದಿರಿ, ಮೊದಲ ಸಂಬಳ ಎಷ್ಟಿತ್ತು, ಎಷ್ಟು ಗಂಟೆಗೆ ಮನೆ ಮುಟ್ಟುತ್ತೀರಿ. ಸೀಟಿಗೆ ಜಗಳ ಆಡಿದವರೂ ಇದಕ್ಕೆ ಪ್ರೀತಿಯಿಂದ ಉತ್ತರ ಕೊಡುತ್ತಾರೆ. ಹತ್ತು ಮಂದಿಯ ಉತ್ತರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಯಾವ ಕೋರ್ಸು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಆಫೀಸು ಕೆಲಸ ಬೇಕಾದವರಿಗೆ ಮಹಾರಾಷ್ಟ್ರದಲ್ಲಿ ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಕೋರ್ಸು 2001ರಿಂದ ಇದೆ. ರಾಜ್ಯ ಸರ್ಕಾರದ ಎಷ್ಟೋ ಹುದ್ದೆಗಳಿಗೆ ಅದನ್ನು ಕೇಳುತ್ತಾರೆ. ಅದರ ಮೇಲೆ ಸರ್ಕಾರಿ ಟೈಪಿಂಗ್ ಪರೀಕ್ಷೆ, ಇಂಗ್ಲಿಷಿನ ಜೊತೆ ಮರಾಠಿಯದನ್ನೂ ಮಾಡಿದರೆ ಒಳ್ಳೆಯದು. ಆದರೆ ಖಾಸಗಿ ಆಫೀಸಿನಲ್ಲಿ ಸರ್ಟಿಫಿಕೇಟಿಗಿಂತ ಕೈ ಕೆಲಸ ನೋಡುತ್ತಾರೆ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ತೋರಿಸು, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಒಂದು ಬಿಲ್ ಎಂಟ್ರಿ ಮಾಡು ಅನ್ನುತ್ತಾರೆ.

ಇಲ್ಲಿ ನಮ್ಮ ಹೋಟೆಲ್ ಮನೆಗಳ ಹುಡುಗಿಯರಿಗೆ ಒಂದು ಮಾತು. ನಿಮ್ಮ ಅಪ್ಪನ ಹೋಟೆಲೇ ನಿಮ್ಮ ಪಾಠಶಾಲೆ. ಅಪ್ಪನದೇ ಆಗಬೇಕೆಂದಿಲ್ಲ, ಅವರು ಕೆಲಸ ಮಾಡುವ ಹೋಟೆಲೂ ಆದೀತು. ದಿನದ ವಸೂಲಿ, ತರಕಾರಿ ಬಿಲ್ಲು, ಹಾಲಿನ ಲೆಕ್ಕ, ಜಿಎಸ್‌ಟಿ, ಆನ್‌ಲೈನ್ ಆರ್ಡರಿನ ಹಣ ಎಲ್ಲ ಅಲ್ಲಿದೆ. ನಮ್ಮ ಶನಿವಾರದ ಒಬ್ಬ ಹುಡುಗಿ ಒಂದು ತಿಂಗಳ ಆನ್‌ಲೈನ್ ಆರ್ಡರುಗಳನ್ನು ಒಂದು ಸಾಲಿನಲ್ಲಿ, ಬ್ಯಾಂಕಿಗೆ ಬಂದ ಹಣವನ್ನು ಪಕ್ಕದ ಸಾಲಿನಲ್ಲಿ ಎಕ್ಸೆಲ್‌ಗೆ ಹಾಕಿದಳು. ಕ್ಯಾನ್ಸಲ್ ಆದ ಆರ್ಡರುಗಳಿಗೆ ಎಷ್ಟು ಕಡಿತ ಆಗಿದೆ ಎಂದು ಆ ಹೋಟೆಲಿನಲ್ಲಿ ಅದುವರೆಗೆ ಯಾರೂ ನೋಡಿರಲೇ ಇಲ್ಲ. ಅವಳು ಕಡಿತದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಅಪ್ಪನ ಮುಂದೆ ಫೋನು ಹಿಡಿದಳು. ಅವರು ಕನ್ನಡಕ ಮೇಲೇರಿಸಿ ಓದಿ, ಇನ್ನೊಮ್ಮೆ ಓದಿ, "ಇದು ಪ್ರತಿ ತಿಂಗಳು ಮಾಡ್ತೀಯಾ?" ಎಂದು ಕೇಳಿದರು. ಇಂಟರ್‌ವ್ಯೂನಲ್ಲಿ ಆ ಹಾಳೆಯನ್ನೇ ತೋರಿಸಿ ಅವಳು ಅಕೌಂಟ್ಸ್ ಕೆಲಸಕ್ಕೆ ಸೇರಿದಳು.

ಐಟಿಐ ಅಂದರೆ ಗಂಡುಮಕ್ಕಳಿಗೆ ಅನ್ನುವ ಮಾತು ಬಿಡಿ. ಮಹಾರಾಷ್ಟ್ರದ ಐಟಿಐಗಳಲ್ಲಿ 30% ಸೀಟು ಹುಡುಗಿಯರಿಗೆ ಮೀಸಲು. ಹತ್ತನೇ ಕ್ಲಾಸಿನ ರಿಸಲ್ಟ್ ಆದ ಮೇಲೆ ರಾಜ್ಯದ ವೃತ್ತಿ ಶಿಕ್ಷಣ ನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಒಂದೇ ಅರ್ಜಿ, ಅದರಲ್ಲೇ ಇಷ್ಟದ ಕಾಲೇಜು, ಟ್ರೇಡು ಬರೆಯುವುದು. ಟ್ರೇಡು ಆರಿಸುವಾಗ ಜಾಗ್ರತೆ ಬೇಕು. ಕಂಪ್ಯೂಟರ್ ಆಪರೇಟರ್ ಟ್ರೇಡು ಒಂದೇ ವರ್ಷ, ಎಲೆಕ್ಟ್ರಿಷಿಯನ್ 2 ವರ್ಷ. ಹುಡುಗಿಯರಿಗೆ ಕಂಪ್ಯೂಟರ್ ಸುಲಭ ಎಂದು ಎಲ್ಲರೂ ಅದನ್ನೇ ಬರೆಯುತ್ತಾರೆ. ಆದರೆ ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಲೆಕ್ಟ್ರಿಷಿಯನ್, ಫಿಟ್ಟರ್ ಆದವರು ಅರ್ಜಿ ಹಾಕಬಹುದು, ಕಂಪ್ಯೂಟರ್ ಟ್ರೇಡಿನವರು ಹಾಕಲು ಬರುವುದಿಲ್ಲ. ಸಾತಾರಾದ ಸುರೇಖಾ ಯಾದವ್ ಕರಾಡಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಆದವರು. 2023ರ ಮಾರ್ಚ್‌ನಲ್ಲಿ ಸೊಲ್ಲಾಪುರದಿಂದ ಮುಂಬಯಿಯ ಸಿಎಸ್ಎಂಟಿ ಸ್ಟೇಶನ್‌ಗೆ ವಂದೇ ಭಾರತ್ ರೈಲನ್ನು ಓಡಿಸಿ ತಂದರು. ನಮ್ಮವರು ಇಡ್ಲಿ ತಿನ್ನಲು, ಹೂ ತರಲು ಇಳಿಯುವ ಮಾಟುಂಗಾ ಸ್ಟೇಶನ್ ಕೂಡ 2017ರಿಂದ ಪೂರ್ತಿ ಹೆಂಗಸರೇ ನಡೆಸುವ ಸ್ಟೇಶನ್. ಮಗಳಿಗೆ ಧೈರ್ಯ ಬರಬೇಕಾದರೆ ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಐಟಿಐ ಆದ ಮೇಲೆ ಅಪ್ರೆಂಟಿಸ್ ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕಲಿಯುತ್ತಲೇ ಸ್ಟೈಪೆಂಡ್ ಸಿಗುತ್ತದೆ, ಆ ಒಂದು ವರ್ಷದ ಅನುಭವವೇ ಮುಂದಿನ ಕೆಲಸಕ್ಕೆ ಮೆಟ್ಟಿಲು. ಇದಲ್ಲದೆ ಮಹಾರಾಷ್ಟ್ರ 2024ರಲ್ಲಿ 18ರಿಂದ 35 ವಯಸ್ಸಿನವರಿಗೆ ಒಂದು ಕಾರ್ಯ ತರಬೇತಿ ಯೋಜನೆ ತಂದಿತು. ಹನ್ನೆರಡನೇ ಕ್ಲಾಸ್ ಆದವರಿಗೆ ತಿಂಗಳಿಗೆ 6,000, ಐಟಿಐ ಅಥವಾ ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 10,000 ರೂಪಾಯಿ. ಮಹಾಸ್ವಯಂ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಅರ್ಜಿ ತೆರೆದಿದೆಯಾ ಎಂದು ಆಗಾಗ ನೋಡುತ್ತಿರಿ.

ನರ್ಸಿಂಗ್ ಹೆಸರಿನಲ್ಲಿ ಮೋಸ ಜಾಸ್ತಿ. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂಬ ಬೋರ್ಡು ನಂಬಬೇಡಿ. ಹನ್ನೆರಡನೇ ಕ್ಲಾಸ್ ಆದ ಮೇಲೆ ಸೇರುವ ನರ್ಸಿಂಗ್ ಕೋರ್ಸುಗಳಲ್ಲಿ ಎಎನ್ಎಂ 2 ವರ್ಷ, ಜಿಎನ್ಎಂ 3 ವರ್ಷ. ಸಂಸ್ಥೆಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇರಬೇಕು. ಆರು ತಿಂಗಳ ಕೋರ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಹಾಯಕಿ ಆಗಬಹುದು. ಅದೂ ಮರ್ಯಾದೆಯ ಕೆಲಸವೇ, ಆದರೆ ನರ್ಸ್ ಎಂದು ಹೇಳಿ ದುಡ್ಡು ಕಟ್ಟಿಸಿಕೊಳ್ಳುವುದು ಮೋಸ.

ಇನ್ನು ಕನ್ನಡ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ನಮ್ಮ ಹುಡುಗಿಯರಿಗೆ ನಾಲ್ಕು ಭಾಷೆ ಬರುತ್ತದೆ, ಅದನ್ನು ರೆಸ್ಯೂಮಿನಲ್ಲಿ ಬರೆಯುವುದೇ ಇಲ್ಲ! ಬ್ಯಾಂಕು, ಇನ್ಶೂರೆನ್ಸ್ ಕಾಲ್ ಸೆಂಟರುಗಳು 'ಕನ್ನಡ ಪ್ರೋಸೆಸ್' ಎಂದೇ ಹುಡುಕಿ ಕೆಲಸಕ್ಕೆ ತಗೊಳ್ಳುತ್ತವೆ. ಅನುವಾದ, ಸಬ್‌ಟೈಟಲ್ ಕೆಲಸವೂ ಇದೆ. ಮಾತಾಡಲು ಬಂದರೆ ಸಾಲದು, ಓದಲು ಬರೆಯಲು ಬರಬೇಕು, ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬರಬೇಕು. ಮನೆಯಲ್ಲಿ ದಿನಾ ಅರ್ಧ ಗಂಟೆ ಕನ್ನಡ ಪೇಪರ್ ಓದಿಸಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ

ಹೆಚ್ಚಿನ ಮನೆಗಳಲ್ಲಿ ಇಲ್ಲ. ಹತ್ತಡಿ ಕೋಣೆಯಲ್ಲಿ ಇಡುವುದಾದರೂ ಎಲ್ಲಿ? ಫೋನಿಗೆ ಸಿಕ್ಕಿಸುವ ಓಟಿಜಿ ಅಂತ ಒಂದು ಸಣ್ಣ ಪಿನ್ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಇನ್ನೊಂದು ತುದಿಗೆ ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಹಾಕಿ. ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರೆ ಟೈಪಿಂಗ್ ಕಲಿಯಲು ಸಾಕು. ಹತ್ತು ಬೆರಳಿನಲ್ಲಿ, ಕೀಬೋರ್ಡ್ ನೋಡದೆ, ದಿನಾ 20 ನಿಮಿಷ. ಫೋನಿನ ಉಚಿತ ಶೀಟ್ಸ್ ಆಪ್‌ನಲ್ಲಿ ಮನೆಯ ಖರ್ಚು ಬರೆದು ಕೂಡಿಸಿ ಕಳೆಯಲು ಕಲಿಯಿರಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಮಾತ್ರ ಫೀಸು. ಆದರೆ ಕ್ಲಾಸು ಸೇರಿದ ಮೇಲೆ ವಾರಕ್ಕೊಮ್ಮೆಯಾದರೂ ನಿಜವಾದ ಕಂಪ್ಯೂಟರಿನ ಮುಂದೆ ಕೂರಲೇಬೇಕು.

ಶಾಲೆ ಅರ್ಧಕ್ಕೆ ಬಿಟ್ಟವರಿಗೂ ದಾರಿ ಇದೆ. ರಾಜ್ಯ ಬೋರ್ಡಿನಲ್ಲಿ 17 ನಂಬರ್ ಫಾರ್ಮು ತುಂಬಿ ಹೊರಗಿನಿಂದ ಹತ್ತನೇ, ಹನ್ನೆರಡನೇ ಪರೀಕ್ಷೆ ಕಟ್ಟಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರು ಹತ್ತನೇ ಕ್ಲಾಸಿಗೆ ಸೇರಬಹುದು. ಓದು ಕಡಿಮೆ ಇರುವವರಿಗೆ ಜನ ಶಿಕ್ಷಣ ಸಂಸ್ಥಾನಗಳಲ್ಲಿ ಹೊಲಿಗೆ, ಬ್ಯೂಟಿ ಪಾರ್ಲರ್ ಮುಂತಾದ ಕಸುಬು ಕಲಿಸುತ್ತಾರೆ. ಈ ಸಂಸ್ಥಾನಗಳ ಮೂಲವಾದ ಶ್ರಮಿಕ ವಿದ್ಯಾಪೀಠ ದೇಶದಲ್ಲೇ ಮೊದಲು ಶುರುವಾದದ್ದು 1967ರಲ್ಲಿ, ನಮ್ಮ ವರಳಿಯಲ್ಲಿ.

ಮನೆಯಿಂದಲೇ ಏನಾದರೂ ಮಾರುವ ಆಸೆ ಇದ್ದರೆ ಸಣ್ಣ ಉದ್ಯಮದವರಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿ. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟು ನಕಲಿ. ಅಡುಗೆ ಪದಾರ್ಥವಾದರೆ ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ನೋಂದಣಿಯೂ ಬೇಕು. ಮುದ್ರಾ ಸಾಲದ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. 1959ರಲ್ಲಿ ಗಿರ್‌ಗಾಂವಿನ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದೇ ಲಿಜ್ಜತ್ ಪಾಪಡ್. ಹೊಸಬರು ಸಣ್ಣ ಸಾಲದಿಂದ ಶುರು ಮಾಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕೆಲಸ ಸಿಕ್ಕಿತು ಎಂದಾಗ

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಶನ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡಿಪಾಸಿಟ್, ಹೆಸರು ಏನೇ ಇರಲಿ, ಕೇಳಿದರು ಅಂದರೆ ಅಲ್ಲಿಗೆ ಬಿಡಿ. ವಿಡಿಯೋಗೆ ಲೈಕ್ ಕೊಟ್ಟರೆ ದಿನಕ್ಕೆ ಇಷ್ಟು ಎಂದು ಬರುವ ಮೆಸೇಜಿಗೆ ಉತ್ತರವನ್ನೇ ಕೊಡಬೇಡಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. "ನಿನ್ನ ಖಾತೆಗೆ ಸ್ವಲ್ಪ ಹಣ ಹಾಕ್ತೀವಿ, ತೆಗೆದು ಕೊಡು, ಕಮಿಷನ್ ಕೊಡ್ತೀವಿ" ಎಂದು ಪರಿಚಯದವರೇ ಕೇಳುತ್ತಾರೆ. ಅದು ಕದ್ದ ಹಣ ಆಗಿರಬಹುದು, ಪೊಲೀಸರು ಬರುವುದು ಖಾತೆ ಯಾರದೋ ಅವರ ಮನೆಗೆ. ಮೋಸ ಆಗಿಹೋದರೆ ನಾಚಿಕೆ ಪಡದೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ.

ಸೇರುವ ದಿನ ನಾಲ್ಕು ಪ್ರಶ್ನೆ ಕೇಳಲು ಮಗಳಿಗೆ ಹೇಳಿಕೊಡಿ. ನೇಮಕಾತಿ ಪತ್ರ ಬರವಣಿಗೆಯಲ್ಲಿ ಕೊಡುತ್ತೀರಾ? ಸಂಬಳ ನನ್ನ ಖಾತೆಗೇ ಬರುತ್ತದಾ, ಸ್ಲಿಪ್ ಸಿಗುತ್ತದಾ? ಪಿಎಫ್ ಇದೆಯಾ? ಮಹಿಳೆಯರ ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ? ಕೊನೆಯದನ್ನು ಕೇಳಲು ಹುಡುಗಿಯರು ಹೆದರುತ್ತಾರೆ. 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಪ್ರತಿ ಕಡೆ ಆ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿ, ಕ್ಲಿನಿಕ್ಕಿನವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಘಟನೆಯಾದ 3 ತಿಂಗಳ ಒಳಗೆ ಕೊಡಬೇಕು, ಬರವಣಿಗೆಯಲ್ಲಿ ಕೊಡಬೇಕು. ಮೆಸೇಜುಗಳನ್ನು ಅಳಿಸಬೇಡ ಎಂದು ಮೊದಲೇ ಹೇಳಿಡಿ.

ರಾತ್ರಿ ಪಾಳಿ ಬಂದರೆ ಗೊತ್ತಿರಲಿ: ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಪ್ರಕಾರ ರಾತ್ರಿ 9.30ರಿಂದ ಬೆಳಗ್ಗೆ 7ರವರೆಗೆ ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ರಕ್ಷಣೆಯ ಏರ್ಪಾಡು ಮಾಲೀಕರದು. ಗಾಡಿ ಮನೆ ಬಾಗಿಲವರೆಗೆ ಬರುತ್ತದಾ, ಸ್ಟೇಶನ್‌ವರೆಗೆ ಮಾತ್ರವಾ, ಇದನ್ನು ಮೊದಲೇ ಕೇಳಿ. ರೈಲಿನಲ್ಲಿ ತೊಂದರೆಯಾದರೆ ರೈಲ್ವೆ ಪೊಲೀಸರ 1512, ಉಳಿದ ಕಡೆ 112 ಅಥವಾ ಮುಂಬಯಿ ಪೊಲೀಸರ 103. ನಂಬರ್ ಫೋನಿನಲ್ಲಿ ಇದ್ದರೆ ಸಾಲದು, ಬಾಯಿಪಾಠ ಬರಬೇಕು.

ಕೆಲಸ ಶುರುವಾಗುವ ಮೊದಲಿನ ದಿನ ಅಪ್ಪ ಅಥವಾ ಅಮ್ಮ ಮಗಳ ಜೊತೆ ಒಮ್ಮೆ ಹೋಗಿ ಬನ್ನಿ. ಹೋಗುವಾಗ ಸೇರುವ ಹೊತ್ತಿನ ರೈಲು, ಬರುವಾಗ ಬಿಡುವ ಹೊತ್ತಿನ ರೈಲೇ ಆಗಬೇಕು. ಲೇಡೀಸ್ ಡಬ್ಬ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ಬಂದು ನಿಲ್ಲುತ್ತದೆ, ಯಾವ ಸೇತುವೆ ಹತ್ತಿದರೆ ಬೇಗ, ರಾತ್ರಿ ಯಾವ ಗಲ್ಲಿಯಲ್ಲಿ ದೀಪ ಇದೆ, ಎಲ್ಲ ನೋಡಿಕೊಳ್ಳಿ. ವಾಪಸ್ ಬರುವಾಗ ದಾರಿ ಅವಳೇ ತೋರಿಸಲಿ, ನೀವು ಹಿಂದೆ ನಡೆಯಿರಿ.